‘ತೋರ’, ‘ಸಪೂರ’, ‘ಕುಂಟ’: ಈ ಮಾತುಗಳ ಮೇಲೆ ಮಕ್ಕಳೇ ನಾಟಕ ಕಟ್ಟುವುದು ಹೇಗೆ?

ಹಾಲಾಡಿ: ಶಾಲಾ ವಾರ್ಷಿಕೋತ್ಸವದ ನಾಟಕ ಅಂದರೆ ಕೆಲವು ದೃಶ್ಯ ಹೆಚ್ಚುಕಡಿಮೆ ಖಾಯಂ. ಒಬ್ಬ ಹುಡುಗ ಹೊಟ್ಟೆಗೆ ತಲೆದಿಂಬು ಕಟ್ಟಿಕೊಂಡು ಬರುತ್ತಾನೆ. ಇನ್ನೊಬ್ಬ ಕುಂಟುತ್ತಾ ಬರುತ್ತಾನೆ. ಮೂರನೆಯವನು ಕಿವಿ ಕೇಳದವನ ಹಾಗೆ ಕೇಳಿದ್ದಕ್ಕೆಲ್ಲ ತಪ್ಪು ಉತ್ತರ ಕೊಡುತ್ತಾನೆ. ಜನ ಹೊಟ್ಟೆ ತುಂಬಾ ನಗುತ್ತಾರೆ. ಅದೇ ಸಭೆಯಲ್ಲಿ ಶ್ರವಣಯಂತ್ರ ಹಾಕಿಕೊಂಡ ಮಗುವೊಂದು ಕೂತಿದ್ದರೆ, ಆ ನಗು ತನ್ನ ಮೇಲೆಯೇ ಅಂತ ಅದಕ್ಕೆ ಗೊತ್ತಾಗಲು ಯಾರೂ ಹೇಳಿಕೊಡಬೇಕಾಗಿಲ್ಲ.

ದೇಹದ ಬಗ್ಗೆ ಆಡುವ ಮಾತು ಹಳ್ಳಿ, ಪೇಟೆ ಎರಡೂ ಕಡೆ ಪ್ರೀತಿಯ ರೂಪದಲ್ಲೇ ಬರುತ್ತದೆ. ‘ಎಂತ ಮಾರಾಯ್ತಿ, ಇಷ್ಟ್ ಸಪೂರ ಆಯ್ದೆ?’ ಅಂತ ಮದುವೆ ಮನೆಯಲ್ಲಿ ಕೇಳುವವರಿಗೆ ನೋಯಿಸುವ ಉದ್ದೇಶ ಇರುವುದಿಲ್ಲ. ಆದರೆ ಹದಿಮೂರು–ಹದಿನಾಲ್ಕರ ಹುಡುಗಿಗೆ ಅದು ಒಂದು ದಿನದ ಮಾತಲ್ಲ. ಬಸ್ಸಿನಲ್ಲಿ, ಕ್ಲಾಸಿನಲ್ಲಿ, ಅಜ್ಜಿ ಮನೆಯಲ್ಲಿ ದಿನವೂ ಕೇಳುವ ಮಾತು. ತೋರ ಇದ್ದವರಿಗೆ ಒಂದು, ಕಪ್ಪಗಿದ್ದವರಿಗೆ ಇನ್ನೊಂದು, ಕುಳ್ಳಗಿದ್ದವರಿಗೆ ಮತ್ತೊಂದು. ಅಂಗವೈಕಲ್ಯ ಇರುವ ಮಗುವಿಗಂತೂ ಹೆಸರೇ ಹೋಗಿ, ವೈಕಲ್ಯವೇ ಅಡ್ಡಹೆಸರಾಗಿ ಉಳಿಯುತ್ತದೆ.

ಈ ವಿಷಯವನ್ನು ಭಾಷಣದಲ್ಲಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ದೊಡ್ಡವರು ಬರೆದುಕೊಟ್ಟ ನಾಟಕ ಆಡಿಸಿದರೆ ಕೊನೆಗೆ ಒಂದು ನೀತಿಪಾಠ ಬಂದು ಮುಗಿಯುತ್ತದೆ. ಮಕ್ಕಳನ್ನೇ ಕೂರಿಸಿ, ಅವರ ಅನುಭವದಿಂದಲೇ ನಾಟಕ ಕಟ್ಟುವ ಕ್ರಮ ಇದಕ್ಕಿಂತ ಬೇರೆ. ಅದು ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ, ಊರಿನವರು ಏನು ಮಾಡಬಹುದು ಎಂಬ ವಿವರ ಇಲ್ಲಿದೆ.

ಹೊಸ ಸಂಗತಿ ಅಲ್ಲ

ಮಕ್ಕಳ ಕೈಗೆ ರಂಗ ಕೊಡುವುದು ಈ ಭಾಗಕ್ಕೆ ಹೊಸದಲ್ಲ. ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ ಅವರು 1975ರಲ್ಲಿ ಸಾಲಿಗ್ರಾಮ ಮಕ್ಕಳ ಮೇಳ ಕಟ್ಟಿದಾಗ, ಮಕ್ಕಳೂ ಪೂರ್ಣ ಪ್ರಮಾಣದ ಯಕ್ಷಗಾನ ಆಡಬಲ್ಲರು ಎಂಬುದು ಸಾಬೀತಾಯಿತು. ಕುಂದಾಪುರದಲ್ಲೇ ಹುಟ್ಟಿ ಬೆಳೆದ ಲೇಖಕಿ ವೈದೇಹಿ ‘ಧಾಂ ಧೂಂ ಸುಂಟರಗಾಳಿ’, ‘ಗೊಂಬೆ ಮ್ಯಾಕ್‌ಬೆತ್’ ತರಹದ ಮಕ್ಕಳ ನಾಟಕಗಳನ್ನು ಕೊಟ್ಟಿದ್ದಾರೆ. ಕುಂದಾಪುರದ ಸಮುದಾಯ, ಬೈಂದೂರಿನ ಲಾವಣ್ಯ, ಸುರಭಿ ತಂಡಗಳಿಂದಾಗಿ ಇಲ್ಲಿನ ಜನರಿಗೆ ನಾಟಕ ಅಪರಿಚಿತವೇನಲ್ಲ. ಹಾಲಾಡಿಯ ಹೆಸರಿನಲ್ಲಿ ಯಕ್ಷಗಾನ ಮೇಳವೇ ಇದೆ.

ಮಕ್ಕಳು ತಮ್ಮ ವಿಷಯವನ್ನು ತಾವೇ ಮಾತಾಡುವ ಪರಂಪರೆಯೂ ತಾಲೂಕಿಗೆ ಇದೆ. ದುಡಿಯುವ ಮಕ್ಕಳದ್ದೇ ಸಂಘಟನೆಯಾದ ಭೀಮ ಸಂಘ ಶುರುವಾದದ್ದು 1990ರಲ್ಲಿ. ಅದರ ಬೆನ್ನಿಗೆ ಕುಂದಾಪುರ ತಾಲೂಕಿನ ಕೆಲವು ಗ್ರಾಮಗಳಲ್ಲಿ ಮಕ್ಕಳ ಪಂಚಾಯತಿಗಳು ನಡೆದವು. ಮಕ್ಕಳು ಕಾಲುಸಂಕ, ರಸ್ತೆ, ಶಾಲೆಯ ಸಮಸ್ಯೆಗಳನ್ನು ದೊಡ್ಡವರ ಮುಂದೆ ಇಟ್ಟರು. ಇವತ್ತು ಗ್ರಾಮ ಪಂಚಾಯತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯ ಹಿಂದೆ ಆ ಅನುಭವವೂ ಇದೆ.

ಅಂದರೆ ರಂಗವೂ ಇದೆ, ಮಾತಾಡುವ ಮಕ್ಕಳೂ ಇದ್ದಾರೆ. ಎರಡನ್ನೂ ಸೇರಿಸಿ, ದೇಹ ಮತ್ತು ಅಂಗವೈಕಲ್ಯದ ವಿಷಯಕ್ಕೆ ತಿರುಗಿಸುವ ಕೆಲಸ ಬಾಕಿ.

ಬಾಹುಕ, ಚಂದ್ರಹಾಸ, ವಿಕ್ರಮ

ಈ ವಿಷಯ ‘ಹೊರಗಿನದ್ದು’ ಅನ್ನುವವರು ಯಕ್ಷಗಾನದ ಪ್ರಸಂಗಗಳನ್ನೇ ಒಮ್ಮೆ ನೆನಪು ಮಾಡಿಕೊಳ್ಳಬಹುದು. ನಳ ದಮಯಂತಿ ಪ್ರಸಂಗದಲ್ಲಿ ಕಾರ್ಕೋಟಕ ಕಚ್ಚಿದ ಮೇಲೆ ನಳನ ರೂಪ ಕೆಡುತ್ತದೆ, ಅವನು ಬಾಹುಕನಾಗುತ್ತಾನೆ. ಋತುಪರ್ಣನ ಆಸ್ಥಾನದಲ್ಲಿ ಅವನನ್ನು ನೋಡಿದವರಿಗೆ ಕಾಣುವುದು ಕುರೂಪ ಮಾತ್ರ. ದಮಯಂತಿ ಅವನನ್ನು ಗುರುತಿಸುವುದು ರೂಪದಿಂದಲ್ಲ. ಅವನು ಮಾಡಿದ ಅಡುಗೆಯ ರುಚಿಯಿಂದ, ರಥ ಓಡಿಸುವ ರೀತಿಯಿಂದ. ನಳಪಾಕ ಎಂಬ ಮಾತು ಇವತ್ತಿಗೂ ಬಾಯಲ್ಲಿದೆ.

ಚಂದ್ರಹಾಸನಿಗೆ ಎಡಗಾಲಿನಲ್ಲಿ ಆರು ಬೆರಳು. ಆ ಬೆರಳನ್ನು ಅವಲಕ್ಷಣ ಅಂದರು. ಕೊಲ್ಲಲು ಬಂದ ಕಟುಕರು ಕನಿಕರಪಟ್ಟು ಬೆರಳನ್ನು ಮಾತ್ರ ಕತ್ತರಿಸಿ ದುಷ್ಟಬುದ್ಧಿಗೆ ತೋರಿಸಿದರು. ಶನಿ ಮಹಾತ್ಮೆಯಲ್ಲಿ ವಿಕ್ರಮಾದಿತ್ಯ ಕೈಕಾಲು ಕಳಕೊಂಡು ಗಾಣದ ಮನೆಯಲ್ಲಿ ದಿನ ದೂಡುತ್ತಾನೆ. ಕೃಷ್ಣನ ಕಥೆಯಲ್ಲಿ ಕುಬ್ಜೆ ಬರುತ್ತಾಳೆ, ರಾಮಾಯಣದಲ್ಲಿ ಮಂಥರೆ.

ಈ ಕಥೆಗಳನ್ನು ಮಕ್ಕಳ ಮುಂದಿಟ್ಟು ಒಂದೇ ಪ್ರಶ್ನೆ ಕೇಳಿದರೆ ಸಾಕು: ಕೊನೆಯಲ್ಲಿ ಏನಾಗುತ್ತದೆ? ಬಾಹುಕ ಮತ್ತೆ ಸುಂದರ ನಳನಾಗುತ್ತಾನೆ. ವಿಕ್ರಮನಿಗೆ ಕೈಕಾಲು ಬರುತ್ತದೆ. ಕುಬ್ಜೆಯ ಬೆನ್ನು ನೆಟ್ಟಗಾಗುತ್ತದೆ. ಮಂಥರೆಯ ಬೆನ್ನು ನೆಟ್ಟಗಾಗುವುದಿಲ್ಲ, ಅವಳು ಕೆಟ್ಟವಳು. ಅಂಗವೈಕಲ್ಯ ಶಾಪ ಅಥವಾ ಪಾಪದ ಫಲ, ಒಳ್ಳೆಯವರಿಗೆ ಅದು ಗುಣವಾಗುತ್ತದೆ ಎಂಬ ಲೆಕ್ಕ ಗೊತ್ತಿಲ್ಲದ ಹಾಗೆ ಮನಸ್ಸಿಗೆ ಇಳಿಯುತ್ತದೆ. ಆದರೆ ಎಂಟನೇ ಕ್ಲಾಸಿನ ಹುಡುಗನ ಗಾಲಿಕುರ್ಚಿ ನಾಟಕ ಮುಗಿದ ಮೇಲೂ ಗಾಲಿಕುರ್ಚಿಯೇ. ಅವನಿಗೆ ಕೊನೆಯ ದೃಶ್ಯ ಯಾವುದು? ಬಾಹುಕ ಬಾಹುಕನಾಗಿಯೇ ಉಳಿದಿದ್ದರೆ ದಮಯಂತಿ ಏನು ಮಾಡುತ್ತಿದ್ದಳು? ಇಲ್ಲಿಂದಲೇ ಹೊಸ ನಾಟಕ ಶುರುವಾಗುತ್ತದೆ.

ಗಿರೀಶ ಕಾರ್ನಾಡರ ‘ಹಯವದನ’ (1971) ಇದೇ ಜಾಗಕ್ಕೆ ಕೈ ಹಾಕಿದ ನಾಟಕ. ದೇವದತ್ತನ ತಲೆ ಕಪಿಲನ ಮೈಗೆ, ಕಪಿಲನ ತಲೆ ದೇವದತ್ತನ ಮೈಗೆ ಸೇರಿದಾಗ ಯಾರು ಯಾರು ಎಂಬ ಪ್ರಶ್ನೆ ಅಲ್ಲಿದೆ. ಕುದುರೆ ತಲೆಯ ಹಯವದನ ತನ್ನನ್ನು ‘ಪೂರ್ಣ’ ಮಾಡು ಅಂತ ಅಲೆಯುತ್ತಾನೆ. ನಾಟಕ ಆರಂಭವಾಗುವುದು ಆನೆ ಮುಖ, ಮುರಿದ ದಂತ, ಡೊಳ್ಳು ಹೊಟ್ಟೆಯ ಗಣಪತಿಯ ಪೂಜೆಯಿಂದ. ಪೂರ್ಣ ಅಂದರೆ ಏನು ಎಂಬ ಮಾತನ್ನು ಹೈಸ್ಕೂಲು ಮಕ್ಕಳಿಗೂ ಇದರ ಮೂಲಕ ಎತ್ತಬಹುದು.

ಕಟ್ಟುವ ಕ್ರಮ ಏನು?

ಸಾಮಾನ್ಯವಾಗಿ ಹನ್ನೆರಡರಿಂದ ಹದಿನೆಂಟು ಮಕ್ಕಳ ಗುಂಪು ಅನುಕೂಲ. ಅಂಗವೈಕಲ್ಯ ಇರುವ ಮಕ್ಕಳು, ಇಲ್ಲದ ಮಕ್ಕಳು ಇಬ್ಬರೂ ಇರಬೇಕು. ಒಂದೇ ಒಂದು ಮಗು ‘ಆ ಕಡೆಯದ್ದು’ ಅಂತಾದರೆ ಇಡೀ ನಾಟಕದ ಭಾರ ಅದರ ಮೇಲೆ ಬೀಳುತ್ತದೆ. ಕನಿಷ್ಠ ಮೂರು ನಾಲ್ಕು ಮಕ್ಕಳಿದ್ದರೆ ಒಬ್ಬರಿಗೊಬ್ಬರು ಬಲ. ಹತ್ತಿರದಲ್ಲೇ ಮೂಡುಬಗೆಯ ವಾಗ್ಜ್ಯೋತಿ ಶ್ರವಣದೋಷವುಳ್ಳ ಮಕ್ಕಳ ಶಾಲೆ, ತಲ್ಲೂರಿನ ನಾರಾಯಣ ವಿಶೇಷ ಮಕ್ಕಳ ಶಾಲೆ ಇವೆ. ಸರ್ಕಾರಿ ಶಾಲೆಗಳಲ್ಲೂ ಬೇರೆ ಬೇರೆ ವೈಕಲ್ಯದ ಮಕ್ಕಳು ಓದುತ್ತಾರೆ. ಒಂದೇ ಕಡೆ ಸೇರಿಸುವ ಮನಸ್ಸು ಬೇಕು, ವಾಹನ ಬೇಕು.

ಮೊದಲ ಎರಡು ಮೂರು ದಿನ ಕಥೆ ಕೇಳುವುದೇ ಇಲ್ಲ. ಆಟ ಮಾತ್ರ. ಕಣ್ಣು ಮುಚ್ಚಿ ದನಿ ಹಿಡಿದು ನಡೆಯುವುದು, ಮಾತಿಲ್ಲದೆ ಸಂಗತಿ ದಾಟಿಸುವುದು, ಕೂತಲ್ಲೇ ಆಡುವ ಆಟ. ಓಡಲಾಗದ ಮಗು ಬದಿಗೆ ಕೂರುವಂಥ ಆಟವನ್ನು ಪಟ್ಟಿಯಿಂದಲೇ ತೆಗೆದುಹಾಕಬೇಕು.

ಆಮೇಲೆ ‘ಬೊಂಬೆ ನಿಲ್ಲುವ’ ಅಭ್ಯಾಸ. ‘ಯಾರೋ ನಿನ್ನ ಮೈ ನೋಡಿ ಮಾತಾಡಿದ ಗಳಿಗೆ’ ಅಂದಾಗ ಮಕ್ಕಳು ಮೂವರು ನಾಲ್ವರು ಸೇರಿ, ಮಾತಾಡದೆ, ಅಲ್ಲಾಡದೆ ಒಂದು ಚಿತ್ರದಂತೆ ನಿಲ್ಲುತ್ತಾರೆ. ಉಳಿದವರು ನೋಡಿ ಏನು ಕಂಡಿತು ಹೇಳುತ್ತಾರೆ. ಬಾಯಲ್ಲಿ ಹೇಳಲಾಗದ್ದು ನಿಲುವಿನಲ್ಲಿ ಬಂದುಬಿಡುತ್ತದೆ. ಕಿವಿ ಕೇಳದ ಮಕ್ಕಳು ಇಲ್ಲಿ ಎಲ್ಲರಿಗಿಂತ ಮುಂದೆ.

ನಾಚಿಕೆಯ ಮಕ್ಕಳಿಗೆ ಗೊಂಬೆ ಒಳ್ಳೆಯ ದಾರಿ. ಉಪ್ಪಿನಕುದ್ರಿನ ಕೊಗ್ಗ ಕಾಮತರ ಮನೆತನದ ಸೂತ್ರದ ಗೊಂಬೆಯಾಟ ನೋಡಿದವರಿಗೆ ಇದರ ಶಕ್ತಿ ಗೊತ್ತು. ತನ್ನ ಮೈ ತೋರಿಸಲು ಹಿಂಜರಿಯುವ ಹುಡುಗಿ ಬಟ್ಟೆಯ ಗೊಂಬೆ ಕೈಯಲ್ಲಿ ಹಿಡಿದರೆ ಅದರ ಬಾಯಲ್ಲಿ ಎಲ್ಲವನ್ನೂ ಹೇಳಿಬಿಡುತ್ತಾಳೆ.

ನಂತರ ಸನ್ನಿವೇಶ ಬೆಳೆಸುವ ಕೆಲಸ. ಬರೆದ ಮಾತು ಬೇಡ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಪದ್ಯದ ಹಿಂದೆ ಸ್ಥಳದಲ್ಲೇ ಮಾತು ಕಟ್ಟುವ ಹಾಗೆ, ಮಕ್ಕಳೂ ಸನ್ನಿವೇಶ ಇಟ್ಟುಕೊಂಡು ಮಾತು ಕಟ್ಟುತ್ತಾರೆ. ನಾಲ್ಕೈದು ಸಲ ಆಡಿದ ಮೇಲೆ ಚೆನ್ನಾಗಿ ಬಂದದ್ದನ್ನು ಬರೆದಿಡಬಹುದು. ಕುಂದಾಪ್ರ ಕನ್ನಡದಲ್ಲೇ ಆಡಲು ಬಿಟ್ಟರೆ ಮಾತಿಗೆ ಜೀವ ಬರುತ್ತದೆ.

ನೋಡುವವರು ಎದ್ದು ಬರುವ ನಾಟಕ

ಬ್ರೆಜಿಲ್ ದೇಶದ ಅಗಸ್ಟೋ ಬೋಲ್ 1970ರ ದಶಕದಲ್ಲಿ ರೂಪಿಸಿದ ‘ಫೋರಂ ಥಿಯೇಟರ್’ ಈ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಜನ ಸಂಸ್ಕೃತಿ ಎಂಬ ತಂಡ 1985ರಿಂದ ಇದನ್ನು ಬಳಸುತ್ತಾ ಬಂದಿದೆ. ಕ್ರಮ ಸರಳ. ಒಂದು ಅನ್ಯಾಯದ ಸಣ್ಣ ದೃಶ್ಯ ಆಡುತ್ತಾರೆ. ಪರಿಹಾರ ತೋರಿಸುವುದಿಲ್ಲ. ಎರಡನೇ ಸಲ ಆಡುವಾಗ ನೋಡುವವರು ಯಾರು ಬೇಕಾದರೂ ‘ನಿಲ್ಲಿಸಿ’ ಅಂದು, ಎದ್ದು ಬಂದು ಒಂದು ಪಾತ್ರದ ಜಾಗ ಹಿಡಿದು, ಬೇರೆ ರೀತಿ ನಡೆದುಕೊಂಡು ತೋರಿಸಬಹುದು.

ಉದಾಹರಣೆಗೆ ಬಟ್ಟೆ ಅಂಗಡಿಯ ದೃಶ್ಯ ಇಟ್ಟುಕೊಳ್ಳಿ. ಗಾಲಿಕುರ್ಚಿಯ ಹುಡುಗಿ ಅಮ್ಮನ ಜೊತೆ ಚೂಡಿದಾರ್ ಕೊಳ್ಳಲು ಬರುತ್ತಾಳೆ. ಬಾಗಿಲಲ್ಲಿ ಎರಡು ಮೆಟ್ಟಿಲು. ಅಂಗಡಿಯವರು ಒಳ್ಳೆಯವರೇ. ‘ಹ್ವಾಯ್ ಅಮ್ಮ, ಒಳಗೆ ಬನಿ’ ಅನ್ನುತ್ತಾರೆ. ಆದರೆ ಹುಡುಗಿ ಹೊರಗೆ. ಬಣ್ಣ ಯಾವುದು ಬೇಕು ಅಂತ ಅಮ್ಮನನ್ನೇ ಕೇಳುತ್ತಾರೆ. ಹುಡುಗಿಗೆ ನೀಲಿ ಬೇಕಿತ್ತು, ಅಮ್ಮ ಕಂದು ಆರಿಸುತ್ತಾಳೆ, ‘ಇವಳೆಲ್ಲಿಗೆ ಹೋಗಲಿಕ್ಕುಂಟು’ ಅನ್ನುತ್ತಾಳೆ. ದೃಶ್ಯ ಮುಗಿಯಿತು.

ಈಗ ಯಾರು ಬರುತ್ತಾರೆ? ಅಮ್ಮನ ಜಾಗಕ್ಕೆ ಒಬ್ಬರು ಬರಬಹುದು, ಪಕ್ಕದಲ್ಲಿದ್ದ ಗಿರಾಕಿಯ ಜಾಗಕ್ಕೆ ಇನ್ನೊಬ್ಬರು. ನಿಜವಾದ ಅಂಗಡಿಯವರೇ ಎದ್ದು ಬಂದರೆ ಅದಕ್ಕಿಂತ ದೊಡ್ಡದು ಬೇರೆ ಇಲ್ಲ. ಬಟ್ಟೆಯ ರಾಶಿಯನ್ನು ಹೊರಗೆ ತಂದು ಹುಡುಗಿಯ ಮಡಿಲಲ್ಲಿಟ್ಟು ‘ನಿಂಗೆ ಯಾವ್ದ್ ಆಯ್ಕ್?’ ಅಂತ ಕೇಳಿದರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ. ಉಳಿದರ್ಧ ಮೆಟ್ಟಿಲಲ್ಲಿದೆ. ಅದು ಮಾತಿನಿಂದ ಕರಗುವುದಿಲ್ಲ ಎಂಬುದೂ ಅಲ್ಲೇ ಎಲ್ಲರಿಗೂ ಕಾಣುತ್ತದೆ.

ಯಾರಿಗೆ ಯಾವ ಪಾತ್ರ?

ಕುಂಟುವ ಪಾತ್ರಕ್ಕೆ ಕುಂಟದ ಹುಡುಗನನ್ನು ಹಾಕಿ ನಟನೆ ಮಾಡಿಸುವುದು ಹಳೇ ಅಭ್ಯಾಸ. ಅಂಗವೈಕಲ್ಯ ಇರುವ ಕಲಾವಿದರು ಇದನ್ನು ಬಹಳ ಹಿಂದಿನಿಂದ ಪ್ರಶ್ನಿಸಿದ್ದಾರೆ. ಲಂಡನ್ನಿನ ಗ್ರೇಐ ರಂಗತಂಡ 1980ರಲ್ಲಿ ಹುಟ್ಟಿದ್ದೇ ಅಂಗವೈಕಲ್ಯ ಇರುವ ನಟರಿಗೆ ರಂಗ ಕೊಡಲು. ಭಾರತದಲ್ಲಿ ಕರ್ನಾಟಕ ಮೂಲದ ಸೈಯದ್ ಸಲಾವುದ್ದೀನ್ ಪಾಷಾ ಗಾಲಿಕುರ್ಚಿಯ ಕಲಾವಿದರಿಂದ ರಾಮಾಯಣದ ನೃತ್ಯರೂಪಕ ಮಾಡಿಸಿದರು. ಗಾಲಿಕುರ್ಚಿ ಅಲ್ಲಿ ರಥವೂ ಆಯಿತು, ರಂಗದ ವೇಗವೂ ಆಯಿತು.

ಇನ್ನೊಂದು ತಪ್ಪು ಇದರ ಉಲ್ಟಾ. ಅಂಗವೈಕಲ್ಯ ಇರುವ ಮಗುವಿಗೆ ಯಾವಾಗಲೂ ಅಂಗವೈಕಲ್ಯದ ಪಾತ್ರವನ್ನೇ ಕೊಡುವುದು. ಯಕ್ಷಗಾನದಲ್ಲಿ ಗಂಡಸು ಸೀರೆ ಉಟ್ಟು ದಮಯಂತಿಯಾಗಿ ಬಂದರೆ ಸಭೆ ಒಪ್ಪಿಕೊಂಡು ಕಣ್ಣೀರು ಹಾಕುತ್ತದೆ. ವೇಷ ಕಟ್ಟಿದ ಮೇಲೆ ಮೈ ಯಾರದ್ದು ಅಂತ ಯಾರೂ ಕೇಳುವುದಿಲ್ಲ. ಹಾಗಿದ್ದ ಮೇಲೆ ಗಾಲಿಕುರ್ಚಿಯ ಹುಡುಗಿ ದಮಯಂತಿ ಆದರೆ, ತೋರ ಇರುವ ಹುಡುಗ ಅಭಿಮನ್ಯು ಆದರೆ ಒಪ್ಪಲು ಕಷ್ಟವೇನು? ಈ ಊರಿನ ಪ್ರೇಕ್ಷಕರಿಗೆ ಆ ಕಣ್ಣು ಮೊದಲೇ ಇದೆ.

ಪಾಪವೂ ಬೇಡ, ಶಾಲೂ ಬೇಡ

ಇಂಥ ನಾಟಕ ಎರಡು ಕಡೆ ಜಾರುತ್ತದೆ. ಒಂದು ‘ಅಯ್ಯೋ ಪಾಪ’. ಇನ್ನೊಂದು ‘ಎಂಥಾ ಸಾಧನೆ’. ಪಿಟೀಲಿನ ದುಃಖದ ಹಿನ್ನೆಲೆ ಹಾಕಿ ಮಗುವನ್ನು ಅಳಿಸುವುದು ಮೊದಲನೆಯದು. ನಡೆದು ರಂಗಕ್ಕೆ ಬಂದದ್ದಕ್ಕೇ ಚಪ್ಪಾಳೆ ಹೊಡೆದು ಶಾಲು ಹೊದಿಸುವುದು ಎರಡನೆಯದು. ಎರಡರಲ್ಲೂ ಮಗು ಆಡಿದ ನಾಟಕ ಹೇಗಿತ್ತು ಎಂಬ ಮಾತು ಬರುವುದಿಲ್ಲ. ‘ಎರಡನೇ ದೃಶ್ಯ ಸ್ವಲ್ಪ ಉದ್ದ ಆಯ್ತು’ ಅಂತ ಹೇಳುವ ಪ್ರೇಕ್ಷಕ ಆ ಮಗುವಿಗೆ ಹೆಚ್ಚು ಮರ್ಯಾದೆ ಕೊಟ್ಟ ಹಾಗೆ.

ನಗು ಬೇಡ ಅಂತಲೂ ಅಲ್ಲ. ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈಯಲ್ಲಿ ಇದನ್ನೇ ಬಿಡಿಸಿ ಹೇಳಿತು. ಅಂಗವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅಂಗವೈಕಲ್ಯ ಇರುವವರನ್ನು ಕುಗ್ಗಿಸುವ ಹಾಸ್ಯ ಬೇರೆ. ಸಿನಿಮಾ, ದೃಶ್ಯ ಮಾಧ್ಯಮದವರು ಇಂಥ ಪಾತ್ರ ಮಾಡುವಾಗ ಅವರನ್ನೇ ಕೇಳಿ ಮಾಡಬೇಕು ಎಂದೂ ಹೇಳಿತು. ಹಳ್ಳಿಯ ನಾಟಕಕ್ಕೂ ಅಳತೆಗೋಲು ಇದೇ ಸಾಕು: ಯಾರ ಬಗ್ಗೆ ಜೋಕೋ ಅವರು ಅದನ್ನು ಕಟ್ಟಿದವರಲ್ಲಿ ಇದ್ದಾರಾ? ಸ್ವಂತ ಗಾಲಿಕುರ್ಚಿಯ ಪಂಚಾತಿಗೆಗಳನ್ನು ಹುಡುಗನೇ ಹಾಸ್ಯ ಮಾಡಿದರೆ ಸಭೆ ಅವನ ಜೊತೆ ನಗುತ್ತದೆ.

ಮಗುವಿನ ಗುಟ್ಟು ಮಗುವಿನದ್ದೇ

ಊರು ಚಿಕ್ಕದು. ವೇದಿಕೆಯಲ್ಲಿ ಹೇಳಿದ ಕಥೆ ಯಾರದ್ದು ಅಂತ ಮರುದಿನ ಹಾಲಿನ ಡೈರಿಯಲ್ಲಿ ಗೊತ್ತಾಗುತ್ತದೆ. ಇದೇ ಈ ಕೆಲಸದ ಅತಿ ದೊಡ್ಡ ಅಪಾಯ. ನಾಲ್ಕು ಮಕ್ಕಳ ಅನುಭವ ಬೆರೆಸಿ ಒಂದು ಪಾತ್ರ ಮಾಡುವುದು, ಹೆಸರು, ಊರು, ಕ್ಲಾಸು ಬದಲಿಸುವುದು, ತನ್ನ ಕಥೆಯನ್ನು ತಾನೇ ಆಡದೆ ಇನ್ನೊಬ್ಬರು ಆಡುವಂತೆ ಮಾಡುವುದು ಇದಕ್ಕೆ ಉಪಾಯ. ‘ನಂದು ಬೇಡ’ ಅಂತ ಪ್ರದರ್ಶನದ ಹಿಂದಿನ ದಿನ ಹೇಳಿದರೂ ಆ ದೃಶ್ಯ ತೆಗೆಯಲೇಬೇಕು.

ಪೋಷಕರ ಒಪ್ಪಿಗೆ ಬೇಕು, ಅದರ ಜೊತೆ ಮಗುವಿನ ಒಪ್ಪಿಗೆಯೂ ಬೇಕು. ತಾಲೀಮಿನ ವಿಡಿಯೋ ವಾಟ್ಸಾಪ್ ಗುಂಪಿಗೆ ಹಾಕುವುದು ಬೇಡವೇ ಬೇಡ. ಮೈ ಬಗ್ಗೆ ಮಾತಾಡುವ ನಾಟಕದ ತುಣುಕು ಹೊರಗೆ ಹೋದರೆ, ಯಾವ ಗೇಲಿಯನ್ನು ನಿಲ್ಲಿಸಲು ಹೊರಟರೋ ಅದೇ ಹತ್ತು ಪಟ್ಟಾಗಿ ಬರುತ್ತದೆ.

ಮಾತಾಡುವಾಗ ಕೆಲವೊಮ್ಮೆ ಊಟ ಬಿಡುವುದು, ಹೊಡೆತ, ದೌರ್ಜನ್ಯದಂಥ ಗಂಭೀರ ವಿಷಯ ಹೊರಬರಬಹುದು. ಅದು ನಾಟಕದ ಸಾಮಗ್ರಿ ಅಲ್ಲ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ ಮನಸ್ 14416 ನಂಬರು ತರಬೇತಿ ಕೊಡುವವರ ಕೈಯಲ್ಲಿರಬೇಕು.

ವೇದಿಕೆಯ ಲೆಕ್ಕ

ಗಾಲಿಕುರ್ಚಿಯ ಇಳಿಜಾರಿಗೆ ಒಂದಕ್ಕೆ ಹನ್ನೆರಡು ಎಂಬ ಅಳತೆ ಇದೆ. ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಎರಡೂವರೆ ಅಡಿ ಎತ್ತರದ ಶಾಲಾ ವೇದಿಕೆಗೆ ಮೂವತ್ತು ಅಡಿ ಇಳಿಜಾರು ಬೇಕಾಗುತ್ತದೆ. ಹಾಗಾಗದೆ ನಾಲ್ಕು ಜನ ಸೇರಿ ಕುರ್ಚಿ ಸಮೇತ ಎತ್ತಿ ಮೇಲಿಡುತ್ತಾರೆ. ಅಂಗವೈಕಲ್ಯದ ಬಗ್ಗೆ ನಾಟಕ ಅಲ್ಲಿಗೇ ಸೋತ ಹಾಗೆ. ಸುಲಭದ ದಾರಿ ಬಯಲಾಟದ್ದು. ಗದ್ದೆ, ಅಂಗಳದ ನೆಲದಲ್ಲೇ ರಂಗಸ್ಥಳ ಮಾಡಿ ಸುತ್ತ ಜನ ಕೂತರೆ ಏರುವ ಇಳಿಯುವ ಪ್ರಶ್ನೆಯೇ ಇಲ್ಲ.

ಕಿವಿ ಕೇಳದ ಪ್ರೇಕ್ಷಕರಿಗೆ ಸಂಜ್ಞಾ ಭಾಷೆ ಗೊತ್ತಿರುವವರು ಬೆಳಕಿನಲ್ಲಿ ನಿಂತಿರಬೇಕು. ಕಣ್ಣು ಕಾಣದವರಿಗೆ ರಂಗದಲ್ಲಿ ಏನಾಗುತ್ತಿದೆ ಎಂದು ಹೇಳುವ ಕೆಲಸವನ್ನು ಭಾಗವತರ ಹಾಗೆ ಒಬ್ಬರಿಗೆ ಒಪ್ಪಿಸಬಹುದು.

ಕಾನೂನು, ಪಂಚಾಯತಿ, ಅಂಗಡಿ

2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಅಂಗವೈಕಲ್ಯ ಇರುವವರು 13.24 ಲಕ್ಷ. ಆಗ 1995ರ ಕಾನೂನು ಜಾರಿಯಲ್ಲಿತ್ತು, ಅದರಲ್ಲಿ ಏಳು ವಿಧದ ವೈಕಲ್ಯ ಮಾತ್ರ ಇತ್ತು. 2016ರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಈ ಕಾಯ್ದೆಯ 29ನೇ ಸೆಕ್ಷನ್ ಸಾಂಸ್ಕೃತಿಕ ಬದುಕಿನಲ್ಲಿ ಭಾಗವಹಿಸುವ ಹಕ್ಕಿನ ಬಗ್ಗೆ ಹೇಳುತ್ತದೆ. 92ನೇ ಸೆಕ್ಷನ್ ಪ್ರಕಾರ ಸಾರ್ವಜನಿಕವಾಗಿ ಕಾಣುವ ಜಾಗದಲ್ಲಿ ಅವಮಾನಿಸುವ ಉದ್ದೇಶದಿಂದ ನಿಂದಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡ.

ಗ್ರಾಮ ಪಂಚಾಯತಿಗಳು ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಯಾವ ಮನೆಯಲ್ಲಿ ಯಾವ ಮಗು ಇದೆ ಎಂಬುದು ತಿಳಿದಿರುತ್ತದೆ. ನಾಟಕ ತಂಡ ಕಟ್ಟುವವರು ಮೊದಲು ಭೇಟಿ ಮಾಡಬೇಕಾದವರು ಇವರೇ. ತಯಾರಾದ ನಾಟಕವನ್ನು ಮಕ್ಕಳ ಗ್ರಾಮಸಭೆಯಲ್ಲಿ ಆಡಿದರೆ, ದೃಶ್ಯದಲ್ಲಿ ಬಂದ ಮೆಟ್ಟಿಲು, ಶೌಚಾಲಯ, ಬಸ್ ನಿಲ್ದಾಣದ ವಿಷಯ ಅಲ್ಲೇ ನಡಾವಳಿ ಪುಸ್ತಕಕ್ಕೆ ಹೋಗುತ್ತದೆ. ಆಡಿ ಮರೆತುಬಿಡುವ ನಾಟಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದು.

ಅಂಗಡಿಯವರ ಪಾಲು ಬ್ಯಾನರಿಗೆ ಹಣ ಕೊಡುವುದಕ್ಕೇ ಮುಗಿಯಬೇಕಾಗಿಲ್ಲ. ಆರು ಇಂಚಿನ ಒಂದು ಮೆಟ್ಟಿಲಿಗೆ ಆರು ಅಡಿಯ ಹಲಗೆ ಸಾಕು. ಬೇಕಾದಾಗ ಇಟ್ಟು ತೆಗೆಯಬಹುದು. ಫೇರ್ ಅಂಡ್ ಲವ್ಲಿ ಕ್ರೀಮು 2020ರಲ್ಲಿ ಗ್ಲೋ ಅಂಡ್ ಲವ್ಲಿ ಅಂತ ಹೆಸರು ಬದಲಿಸಿಕೊಂಡಿತು. ಡಬ್ಬಿಯ ಮೇಲಿನ ‘ಬಿಳಿ’ ಹೋಯಿತು. ಕೌಂಟರಿನ ಈಚೆ ನಿಂತ ಹುಡುಗಿಗೆ ‘ನಿನ್ ಬಣ್ಣಕ್ಕೆ ಇದ್ ತಕೊ’ ಅನ್ನುವ ಮಾತು ಹೋಗಬೇಕಾದರೆ ಅಂಗಡಿಯವರೇ ಬಿಡಬೇಕು.

ಹತ್ತು ಹನ್ನೆರಡು ದಿನದ ತಾಲೀಮು, ಅರ್ಧ ಗಂಟೆಯ ಆಟ, ಆಮೇಲೆ ಅರ್ಧ ಗಂಟೆ ಮಾತುಕತೆ. ಖರ್ಚು ದೊಡ್ಡದಲ್ಲ, ವೇಷ, ಲೈಟು, ಎತ್ತರದ ಸ್ಟೇಜು ಯಾವುದೂ ಬೇಡ. ಬರುವ ವಾರ್ಷಿಕೋತ್ಸವಕ್ಕೆ ತಲೆದಿಂಬು ಹೊಟ್ಟೆಗೆ ಕಟ್ಟುವ ಮೊದಲು ಶಿಕ್ಷಕರು, ಹಳೆ ವಿದ್ಯಾರ್ಥಿ ಸಂಘದವರು ತರಗತಿಯ ಮಕ್ಕಳನ್ನೇ ಒಮ್ಮೆ ಕೇಳಿ ನೋಡಬಹುದು: ಈ ಜೋಕಿಗೆ ನಗದೆ ಕೂರುವವರು ನಿಮ್ಮಲ್ಲಿ ಯಾರು?